ಒಂದೂವರೆ ಇಂಚು

4-10-98, ಭಾನುವಾರ. ಬೆಳಿಗ್ಗೆ 9

ಈ ಭಾನುವಾರವೂ ಅಕ್ಕಿ ಗಿರಣಿಯ ಹಿಂದಿನ ಹೊಟ್ಟಿನ ರಾಶಿ. ಇಪ್ಪತ್ತು ಸಲ ಹತ್ತಿ ಜಾರಿದೆ. ಹಿಮದಲ್ಲಿ ಜಾರುವ ಸ್ಕೀ ಇನ್ನೂ ಇಲ್ಲ, ಕಾಲಿಗೆ ಕಟ್ಟಿಕೊಂಡಿದ್ದು ಹಳೇ ಬೀರುವಿನ ಹಲಗೆ. ತಲೆ, ಕಿವಿ, ಶೂ — ಎಲ್ಲೆಲ್ಲೂ ಹೊಟ್ಟು. ಹಮಾಲರು ಬೀಡಿ ಸೇದುವುದನ್ನೂ ಮರೆತು ನೋಡುತ್ತಿದ್ದರು. ವಯಸ್ಸು ಮೂವತ್ತೇಳು, ಕೆಲಸ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್. ನಾಳೆ ಯಾವಳಾದರೂ "ಜಯಾ ಮೇಡಂ, ನಮ್ಮಪ್ಪ ನಿಮ್ಮನ್ನ ಹೊಟ್ಟಲ್ಲಿ ನೋಡಿದ್ರಂತೆ" ಎನ್ನದಿದ್ದರೆ ಸಾಕು.

ವಿಶ್ವ ಕೆಳಗೆ ನಿಂತು ವಾಚು ನೋಡುತ್ತಿದ್ದ. ಈ ವಿಶ್ವಾರಾಧ್ಯನಿಗೆ ಭದ್ರಾವತಿಯ ತನ್ನ ಮೆಡಿಕಲ್ ಶಾಪೇ ಪ್ರಪಂಚ. ಭಾನುವಾರ ಅರ್ಧ ದಿನ ಮಾತ್ರ ಮನುಷ್ಯ. ನಮ್ಮ ಮೂರನೆಯವನು ಮಲ್ಲೇಶ್ ಇವತ್ತೂ ಬರಲಿಲ್ಲ. ಓವರ್‌ಟೈಮ್ ಅಂತೆ. ಉಕ್ಕಿನ ಕಾರ್ಖಾನೆಯಲ್ಲಿ ಕೆಲಸವೇ ಇಲ್ಲ ಎಂದು ಊರೆಲ್ಲ ಹೇಳುತ್ತಿದೆ, ಇವನೊಬ್ಬನಿಗೆ ಓವರ್‌ಟೈಮ್!

11-10-98, ಭಾನುವಾರ. ಸಂಜೆ

ಭದ್ರಾವತಿ. ಮಲ್ಲೇಶನ ಕ್ವಾರ್ಟರ್ಸಿನಲ್ಲಿ ಮೂವರೂ ನಕ್ಷೆ ಹಾಸಿಕೊಂಡು ಕೂತೆವು. ಹದಿನಾರು ವರ್ಷದ ಹಿಂದಿನ ಮಾತು. ಎನ್.ಸಿ.ಸಿ.ಯಿಂದ ಮನಾಲಿಗೆ ಸ್ಕೀ ಕೋರ್ಸಿಗೆ ಹೋಗಿ ವಾಪಸ್ ಬರುವಾಗ ರೈಲಿನ ಬಾಗಿಲಲ್ಲಿ ಕೂತು ಮಲ್ಲೇಶನೇ ಹೇಳಿದ್ದು: "ಮರಳಲ್ಲಿ ಹೊರಟು ಹಿಮದ ನೆತ್ತೀಲಿ ನಿಲ್ಬೇಕು ಕಣ್ರೋ, ಮೂರೂ ಜನ." ಆಮೇಲೆ ಇವನಿಗೆ ಮದುವೆ, ವಿಶ್ವನಿಗೆ ಅಂಗಡಿ. ನನಗೆ ಅಮ್ಮನ ಲಕ್ವ — ಹನ್ನೊಂದು ವರ್ಷ. ಅಮ್ಮ ಹೋಗಿ ವರ್ಷವಾಯಿತು. ಈಗ ಮನೆಯಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುವವರಿಲ್ಲ. ಈ ಸಲ ಹೋಗದಿದ್ದರೆ ನಾನು ಇನ್ನೆಲ್ಲಿಗೂ ಹೋಗುವವಳಲ್ಲ.

ಮಾರ್ಚ್ ಒಂದಕ್ಕೆ ಹೊರಡುವುದು. ರೈಲಿನಲ್ಲಿ ಜೈಸಲ್ಮೇರ್. ಅಲ್ಲಿನ ಮರಳು ದಿಬ್ಬದಿಂದ ಸೈಕಲ್, ಹದಿನೆಂಟು ದಿನಕ್ಕೆ ಮನಾಲಿ. ಅಲ್ಲಿಂದ ಸ್ಕೀ ಕಟ್ಟಿಕೊಂಡು ಪತಾಲ್ಸು ಶಿಖರ, ಹದಿಮೂರು ಸಾವಿರ ಚಿಲ್ಲರೆ ಅಡಿ. ಜೇಬಿನಲ್ಲಿ ಒಂದು ಮುಷ್ಟಿ ಮರಳು ಒಯ್ದು ಮೇಲೆ ಹಿಮದಲ್ಲಿ ಸುರಿಯುವುದು.

ಸ್ಕೀ ಮಲ್ಲೇಶನೇ ಮಾಡುತ್ತಾನಂತೆ, ಮೂರು ಜೊತೆ. ಅವನು ಪ್ಯಾಟರ್ನ್ ಶಾಪಿನವನು. ಉಕ್ಕು ಎರಕ ಹೊಯ್ಯುವ ಮೊದಲು ಪ್ರತಿ ಭಾಗಕ್ಕೂ ಮರದಲ್ಲಿ ಮಾದರಿ ಮಾಡಬೇಕಲ್ಲ, ಆ ಕೆಲಸ. ಸಾಗರದ ಕಡೆಯಿಂದ ತಡಸಲು ಮರದ ಹಲಗೆ ತರಿಸಿದ್ದಾನೆ. ಬಗ್ಗುತ್ತದೆ, ಮುರಿಯುವುದಿಲ್ಲ. ಲೆಕ್ಕಕ್ಕೆ ಸರಿಯಾಗಿ ಆರು.

ಅವನ ಹೆಂಡತಿ ಸುಮನಾ ಅಕ್ಕಿರೊಟ್ಟಿ ಕೊಟ್ಟಳು. ಮಲ್ಲೇಶ್ ಅರ್ಧ ತಿಂದು ತಟ್ಟೆಯನ್ನು ನನ್ನ ಕಡೆ ತಳ್ಳಿದ. "ಡಯಟ್ ಮಾರಾಯ್ತಿ, ಶಿಖರಕ್ಕೆ." ನಾನು ನಕ್ಕೆ. ವಿಶ್ವ ನಕ್ಷೆಯಿಂದ ತಲೆ ಎತ್ತಲಿಲ್ಲ.

8-11-98, ಭಾನುವಾರ

ನವುಲೆ ಏರಿನಲ್ಲಿ ಸೈಕಲ್, ನಾಲ್ಕು ಸಲ. ತುಂಗೆಯ ಮರಳಿನಲ್ಲಿ ತಳ್ಳಿಕೊಂಡು ಅರ್ಧ ಗಂಟೆ. ತೊಡೆ ಕಲ್ಲಾಗಿದೆ. ಮಲ್ಲೇಶ್ ಇಲ್ಲ. ನಾಲ್ಕು ವಾರವಾಯಿತು. ಸಿಟ್ಟು ನೆತ್ತಿಗೇರಿದೆ.

22-11-98, ಭಾನುವಾರ. ಮಧ್ಯಾಹ್ನ 3

ಜಗಳ.

ನನ್ನ ಸ್ಕೀ ಜೊತೆ ಮುಗಿಯಿತೆಂದು ಮಲ್ಲೇಶ್ ಬಸ್ಸಿನ ಮೇಲೆ ಹಾಕಿಸಿಕೊಂಡು ತಾನೇ ತಂದ. ಎಷ್ಟು ಚೆಂದ ಇವೆ! ಸವರಿದರೆ ಕೈ ನಿಲ್ಲುವುದಿಲ್ಲ. ಗೋಡೆಗೆ ಒರಗಿಸಿದೆ. ಒಂದು ಉದ್ದ ಕಂಡಿತು. ಟೇಪು ಹಿಡಿದೆ. ಒಂದೂವರೆ ಇಂಚು.

ಮಲ್ಲೇಶನ ಮುಖ ಬಿಳಿಚಿಕೊಂಡಿತು. "ಅಯ್ಯೋ... ಸ್ಕೇಲು!" ಅವರಲ್ಲಿ ಎರಡು ಸ್ಕೇಲು ಇರುತ್ತವಂತೆ. ಒಂದು ಮಾಮೂಲಿ. ಇನ್ನೊಂದು ಕಾಂಟ್ರಾಕ್ಷನ್ ಸ್ಕೇಲು, ಅದರಲ್ಲಿ ಒಂದಡಿ ಎಂದರೆ ಹನ್ನೆರಡೂಕಾಲು ಇಂಚು. ಉಕ್ಕು ತಣಿಯುವಾಗ ಕುಗ್ಗುತ್ತದೆ, ಅದಕ್ಕೆ ಮಾದರಿಯಲ್ಲಿ ಮೊದಲೇ ಅಷ್ಟು ಜಾಸ್ತಿ ಕೊಡುವುದು. ಎರಡನೇ ಹಲಗೆಯನ್ನು ಅದರಲ್ಲಿ ಅಳೆದುಬಿಟ್ಟಿದ್ದಾನೆ. ಹದಿನೈದು ವರ್ಷದ ಕೈ ಅಭ್ಯಾಸ.

"ಹಿಂದ್ಗಡೆ ಕತ್ತರಿಸ್ಕೊಡ್ತೀನಿ, ಹತ್ತು ನಿಮಿಷದ ಕೆಲ್ಸ" ಎಂದ.

"ಕತ್ತರಿಸಿದ್ರೆ ನಡುವಿನ ಬಾಗು ಜಾಗ ತಪ್ಪಲ್ವಾ? ಮೇಲೆ ಬೀಳೋಳು ನಾನು. ಹೊಸದು ಮಾಡು."

"ಹಲಗೆ ಆರೇ ಇರೋದು, ಜಯಾ."

"ಅದು ನಿನ್ನ ತಲೆನೋವು. ಪ್ರಾಕ್ಟೀಸಿಗೂ ಬರಲ್ಲ, ಮಾಡೋ ಕೆಲ್ಸಾನೂ ಹಿಂಗೆ. ಮನಸ್ಸಿಲ್ದಿದ್ರೆ ಹೇಳ್ಬಿಡು ಮಾರಾಯ. ನಾವಿಬ್ರೇ ಹೋಗ್ತೀವಿ."

ಉದ್ದದ್ದನ್ನು ಹೆಗಲಿಗೆ ಹಾಕಿಕೊಂಡು ಹೊರಟ. ಗೇಟಿನ ಹತ್ತಿರ ಇಳಿಸಿ, ಕಂಬ ಹಿಡಿದು ಸ್ವಲ್ಪ ಹೊತ್ತು ನಿಂತ. ನಾಟಕ ಎಂದುಕೊಂಡೆ.

ಮನಾಲಿಯ ನಮ್ಮ ಹಳೇ ಇನ್‌ಸ್ಟ್ರಕ್ಟರಿಗೆ ಕಾಗದ ಹಾಕಿದ್ದೇನೆ. ಎರಡು ಸ್ಕೀಯ ಉದ್ದ ಹೆಚ್ಚುಕಮ್ಮಿ ಇದ್ದರೆ ನಡೆಯುತ್ತದೆಯೇ ಎಂದು. ಉತ್ತರ ಬರಲಿ, ಅವನ ಮುಖಕ್ಕೇ ಹಿಡಿಯುತ್ತೇನೆ.

13-12-98, ಭಾನುವಾರ

ಹೊಸದು ಬಂತು, ವಿಶ್ವನ ಕೈಯಲ್ಲಿ. ಟೇಪು ಹಿಡಿದೆ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಮನಸ್ಸು ಮಾಡಿದರೆ ಆಗುತ್ತದೆ, ನೋಡು!

"ಶಹಬ್ಬಾಸ್ ಅಂದಳು ಅಂತ ಹೇಳು ಅವನಿಗೆ" ಎಂದೆ.

"ನೀನೇ ಹೋಗಿ ಹೇಳು" ಎಂದ ವಿಶ್ವ. ಯಾಕೋ ಬಿರುಸಾಗಿತ್ತು ಮಾತು. ಹೋಗಬೇಕು. ಸ್ಪೋರ್ಟ್ಸ್ ಡೇ ಮುಗಿಯಲಿ.

5-1-99, ಮಂಗಳವಾರ

ಸ್ಪೋರ್ಟ್ಸ್ ಡೇ ಮುಗಿದು ಎರಡು ವಾರವಾಗಿತ್ತು. ಹೋಗಿರಲಿಲ್ಲ.

ಇವತ್ತು ಡ್ರಿಲ್ ನಡೆಯುವಾಗ ವಿಶ್ವ ಫೀಲ್ಡಿಗೇ ಬಂದ. ಅಂಗಡಿ ಮುಚ್ಚಿ, ಮಂಗಳವಾರ! ಮಲ್ಲೇಶನ ಹೊಟ್ಟೆಯಲ್ಲಿ ಗಡ್ಡೆ. ಆಗಸ್ಟಿನಲ್ಲೇ ಗೊತ್ತಾಗಿತ್ತು. ಮಣಿಪಾಲಕ್ಕೆ ಹೋಗಿಬರುತ್ತಿದ್ದಾರೆ. ಇನ್ನು ಕರೆತರುವುದು ಬೇಡ ಎಂದು ಮೊನ್ನೆ ಹೇಳಿ ಕಳಿಸಿದರಂತೆ.

"ನನ್ನ ಕೈಯಲ್ಲಿ ಆಣೆ ಹಾಕಿಸ್ಕೊಂಡಿದ್ದ, ಜಯಾ. ಗೊತ್ತಾದ್ರೆ ಅವ್ಳು ಪ್ಲಾನೇ ಬಿಟ್ಬಿಡ್ತಾಳೆ, ಆಮೇಲೆ ಮನೆ ಬಿಟ್ಟು ಹೊರಡೋಳಲ್ಲ ಅಂತ."

ಓವರ್‌ಟೈಮ್ ಎಂದರೆ ಇದು. ಮಾತು ಮುಗಿದು ತಿರುಗಿದರೆ ಎಂಟನೇ ಕ್ಲಾಸಿನ ಅಷ್ಟೂ ಮಕ್ಕಳು ಕೈ ಮೇಲೆತ್ತಿಕೊಂಡೇ ನಿಂತಿದ್ದವು. ಇಳಿಸಿ ಎನ್ನುವುದನ್ನು ಮರೆತಿದ್ದೆ.

10-1-99, ಭಾನುವಾರ

ನೋಡಿ ಬಂದೆ. ಕಿಟಕಿಯ ಪಕ್ಕ ಮಂಚ. ಕಾಲೇಜಿನಲ್ಲಿ ರೈಫಲ್ ಎರಡೆರಡು ಹೊರುತ್ತಿದ್ದ ಭುಜ ಅದು. ಶರಟು ಮಾತ್ರ ಉಳಿದಿದೆ.

"ನಾನು ಅವತ್ತು..." ಎಂದೆ.

"ಹೊಸದು ಸರಿ ಬಂತಾ? ಟೇಪ್ ಹಿಡಿದ್ಯಾ?"

"ಹಿಡಿದೆ. ಕೂದಲಷ್ಟೂ ಇಲ್ಲ."

ಕಣ್ಣು ಮುಚ್ಚಿಕೊಂಡು ನಕ್ಕ. ಆಮೇಲೆ ತನ್ನ ಮಣಿಕಟ್ಟನ್ನು ತಾನೇ ಎರಡು ಬೆರಳಲ್ಲಿ ಹಿಡಿದು ತೋರಿಸಿದ. "ನೋಡು, ಕುಗ್ಗುತ್ತೆ ಅಂತ ಗೊತ್ತಿದ್ರೂ ನನಗೆ ಒಂದಿಷ್ಟು ಜಾಸ್ತಿ ಕೊಡೋದು ಮರೆತಿದ್ದಾರೆ." ಸುಮನಾ ಎದ್ದು ಒಳಗೆ ಹೋದಳು.

ಹೊರಡುವಾಗ ಕರೆದ. "ಮಾರ್ಚ್ ಒಂದು. ಮುಂದಕ್ಕೆ ಹಾಕೋ ಹಾಗಿಲ್ಲ. ಮೂರು ಟಿಕೆಟ್ ತಗೋ."

ಬಸ್ಸಿನಲ್ಲಿ ಶಿವಮೊಗ್ಗದವರೆಗೂ ಅತ್ತೆ. ಪಕ್ಕದ ಮುದುಕಿ ಏನೂ ಕೇಳದೆ ಸೆರಗಿನ ತುದಿಯಲ್ಲಿದ್ದ ಎಲೆ ಅಡಿಕೆ ಕೊಟ್ಟಳು.

23-1-99, ಶನಿವಾರ

ಟಿಕೆಟ್ ಆಯಿತು. ಮೂರು. ಎಚ್.ಎಂ. ಉಚ್ಚಂಗಮ್ಮನವರು ರಜೆಗೆ ಸಹಿ ಹಾಕಿದರು. "ಪರೀಕ್ಷೆ ಟೈಮಲ್ಲಿ ಇದೇನಮ್ಮ ಹುಚ್ಚು" ಎನ್ನುತ್ತಲೇ.

ಮನಾಲಿಯ ಉತ್ತರ ಇವತ್ತು ಬಂತು. ಹಿಂದಿಯಲ್ಲಿ ನಾಲ್ಕು ಸಾಲು. ಒಂದೆರಡು ಇಂಚು ಏನೂ ಅಲ್ಲ, ನಮ್ಮ ಹಳ್ಳಿಯ ಮಕ್ಕಳು ಜೋಡಿಯೇ ಅಲ್ಲದ ಸ್ಕೀಗಳಲ್ಲಿ ಕಲಿಯುತ್ತಾರೆ. ಬೇಕಿದ್ದರೆ ಹಿಂದೆ ಕತ್ತರಿಸಿಕೊಳ್ಳಿ.

ಹತ್ತು ನಿಮಿಷದ ಕೆಲಸ ಎಂದಿದ್ದ. ಮೂರು ವಾರ ಮಾಡಿಸಿದೆ. ನಾಳೆಯೇ ಹೋಗಿ ಹೇಳಬೇಕು. ತಪ್ಪು ನನ್ನದೇ ಎಂದು, ಬಾಯಿ ಬಿಟ್ಟು.

24-1-99

ಹೋದೆ. ನಿದ್ದೆ ಮಾಡುತ್ತಿದ್ದ. ಔಷಧಿಯ ನಿದ್ದೆ. ಎರಡು ಗಂಟೆ ಕೂತಿದ್ದು ಬಂದೆ.

2-2-99, ಮಂಗಳವಾರ

ನಿನ್ನೆ ಹೋದ.

ವಿಭೂತಿ ಹಚ್ಚಿ ಕೂರಿಸಿದ್ದರು. ಹಾಗೇ ಕೂರಿಸಿ ಮಣ್ಣು ಮಾಡಿದರು. ಗುಂಡಿ ಅವನಿಗೆ ತುಂಬಾ ದೊಡ್ಡದಾಯಿತು. ಮನಾಲಿಯ ಕಾಗದ ನನ್ನ ಬ್ಯಾಗಿನಲ್ಲೇ ಇತ್ತು.

14-2-99, ಭಾನುವಾರ. ಶಿವರಾತ್ರಿ

ಸುಮನಾ ಹೇಳಿಕಳಿಸಿದ್ದಳು. ವಿಶ್ವನೂ ನಾನೂ ಹೋದೆವು. ಗೋಣಿಯಲ್ಲಿ ಸುತ್ತಿದ ಕಟ್ಟು. ವಿಶ್ವನ ಸ್ಕೀ ಜೊತೆ, ಮುಗಿದದ್ದು. ನನ್ನ ಆ ಉದ್ದದ್ದು. ಇನ್ನೊಂದು ಬರೀ ಹಲಗೆ. ಅದರ ಮೇಲೆ ಪೆನ್ಸಿಲ್ ಗೆರೆ.

"ಇದು ಅವ್ರಿಗೆ ಅಂತ ಇಟ್ಕೊಂಡಿದ್ದ ಎರಡರಲ್ಲಿ ಉಳಿದಿದ್ದು ಜಯಕ್ಕ. ಇನ್ನೊಂದ್ರಲ್ಲೇ ನಿಮ್ಮ ಹೊಸದು ಮಾಡಿದ್ರು. ನಿಮ್ದು ಉದ್ದ ಆಯ್ತಲ್ಲ, ಅದಕ್ಕೆ ಸರಿಯಾಗಿ ಗೆರೆ ಹಾಕಿದಾರೆ. ಅದೇ ಸ್ಕೇಲಲ್ಲಿ. ಎರಡೂ ಉದ್ದ ಆದ್ರೆ ಒಂದು ಜೊತೆ ಆಗುತ್ತಲ್ಲ, ನಂಗೆ ಸಾಕು ಅಂದ್ರು. ನಿಮ್ದು ಕೂತ್ಕೊಂಡೇ ಹೆರೆದು ಮುಗಿಸಿದ್ರು. ಇದಕ್ಕೆ ಕೈ ಹಾಕೋಕ್ಕಾಗ್ಲಿಲ್ಲ."

ಟೇಪು ಹಿಡಿದು ನೋಡಿದೆ. ಸರಿಯಾಗಿ ಉದ್ದದ್ದರಷ್ಟೇ. ಬರುವವನಿದ್ದ. ನಮಗೆ ಮಾತ್ರ ಹೋಗಿ ಎಂದದ್ದಲ್ಲ, ತಾನೂ ಬರುವವನಿದ್ದ. ನಾನು ಹೊಸದು ಮಾಡು ಎನ್ನದಿದ್ದರೆ ಆ ಮೂರು ವಾರದಲ್ಲಿ ತನ್ನದನ್ನು ಮುಗಿಸುತ್ತಿದ್ದ. ಬದುಕುತ್ತಿರಲಿಲ್ಲ, ಗೊತ್ತು. ಆದರೆ ತನ್ನದನ್ನು ಒಮ್ಮೆ ಗೋಡೆಗೆ ನಿಲ್ಲಿಸಿ ನೋಡುತ್ತಿದ್ದ.

ಹಲಗೆ ಸುಮನಾಳ ಹತ್ತಿರವೇ ಇರಲಿ ಎಂದೆ. ಉದ್ದದ್ದನ್ನು ತಂದೆ.

1-3-99, ಸೋಮವಾರ. ಬೆಳಿಗ್ಗೆ 6

ಸ್ಟೇಷನ್ನಿನ ಬೆಂಚು. ಸೈಕಲ್ಲು ಲಗೇಜಿಗೆ ಹಾಕಿ ಆಯಿತು, ಎರಡು. ಪೋರ್ಟರ್ ಕಟ್ಟು ನೋಡಿ "ಏನಮ್ಮ ಇದು, ನೇಗ್ಲಾ?" ಎಂದ.

ಹೊಸದನ್ನು ಮನೆಯಲ್ಲಿ ಬಿಟ್ಟೆ. ಮೊದಲ ಜೊತೆಯನ್ನೇ ಕಟ್ಟಿಕೊಂಡಿದ್ದೇನೆ. ಬಲಕ್ಕೆ ಗಿಡ್ಡದ್ದು, ಎಡಕ್ಕೆ ಉದ್ದದ್ದು. ನಿನ್ನೆ ಹೊಟ್ಟಿನ ರಾಶಿಯಲ್ಲಿ ಹದಿನಾಲ್ಕು ಸಲ ಜಾರಿದೆ, ಒಂದು ಸಲವೂ ಬೀಳಲಿಲ್ಲ. ಕೆಳಗೆ ಬಂದು ಕೂತು ಹಮಾಲರ ಮುಂದೆಯೇ ಗಟ್ಟಿಯಾಗಿ ಅತ್ತೆ.

ಗೋಣಿಯಿಂದ ಒಂದು ತುದಿ ಆಚೆ ಚಾಚಿದೆ. ವಿಶ್ವ ಅದನ್ನೇ ನೋಡುತ್ತಿದ್ದ. "ಮನಾಲೀಲಿ ಯಾರಾದ್ರೂ ಬಡಗಿ ಸಿಕ್ರೆ ಕತ್ತರಿಸಿಬಿಡೋಣ ಜಯಾ."

ಬೇಡ ಎಂದೆ.

ರೈಲು ಬಂತು. ವಿಶ್ವ ಕರೆಯುತ್ತಿದ್ದಾನೆ. ಮೂರನೇ ಟಿಕೆಟ್ಟು ಕ್ಯಾನ್ಸಲ್ ಮಾಡಿಸಿಲ್ಲ. ಹೋಗಿ ಹೋಗಿ ಕೌಂಟರಿನಿಂದ ವಾಪಸ್ ಬಂದೆ. ಈಗ ಟಿ.ಟಿ. ಕೇಳಿದರೆ ಏನು ಹೇಳಲಿ, ಇನ್ನೊಬ್ಬರು ಎಲ್ಲಿ ಎಂದರೆ, ಅವನು —