ಮುರಿಗೆಪ್ಪ ಕಾಕಾನ ಪಟಗಾ ಬಿಚ್ಚಿದ್ದೇಕೆ

ಧಾರವಾಡ
ಫೆಬ್ರವರಿ ಮೂವತ್ತು, ೨೧೮೪

ನೂರೈವತ್ತು ವರ್ಷ ಹಿಂದಿನ ಹಿರಿಯರಿಗೆ,

ತಾರೀಖು ಕಂಡು ಕಾಗದ ಎಸೆಯಬೇಡಿ. ನಮ್ಮಲ್ಲೀಗ ಫೆಬ್ರವರಿಗೂ ಮೂವತ್ತು ದಿನ. ಕೆಲವು ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ಸಾಹಿತ್ಯ ಓದಿದವಳು ನಾನು, ನಾಲ್ಕು ಜನರೆದುರು ಬಾಯಿ ಬಿಡಲಾರೆ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಮುರಿಗೆಪ್ಪ ಕಾಕಾನಿಗೆ ಬಹಳ ಹಿಂದೆ ಮಿದುಳಿನ ಬೈಪಾಸ್ ಆಗಿತ್ತು. ಒಳಗಿನ ರಕ್ತನಾಳ ಕಟ್ಟಿಕೊಂಡಾಗ, ಕಿವಿಯ ಮುಂದೆ ಚರ್ಮದಡಿ ಮಿಡಿಯುವ ನಾಳವನ್ನು ತಿರುಗಿಸಿ ಮಿದುಳಿಗೆ ಜೋಡಿಸುವ ವಿದ್ಯೆ, ನಿಮ್ಮ ಕಾಲದ್ದೇ. ಈಗ ಅವನ ತೋಳಲ್ಲಿ ಕಾವಲುಕಾಳು ಇದೆ. ಸಾಸಿವೆಯಷ್ಟು ಯಂತ್ರ, ನಾಡಿ ಕೇಳಿ ಗೋಡೆಯ ಮೇಲೆ ಹಸಿರು ದೀಪ ಹಚ್ಚುತ್ತದೆ. ಮನೆಯವರೆಲ್ಲ ಬೆಳಿಗ್ಗೆ ಚಹಾ ಕುಡಿಯುತ್ತ ಆ ದೀಪ ನೋಡಿ ನಿಶ್ಚಿಂತರಾಗುತ್ತಾರೆ.

ನಾನು ಕಾಕಾನನ್ನು ನೋಡುತ್ತಿದ್ದೆ. ಊರ ಹಿರಿಯನೆಂದು ಎಲ್ಲಾದರೂ ಸನ್ಮಾನ ಮಾಡಿಸಿಕೊಂಡು ಬಂದ ಸಂಜೆ ತಟ್ಟೆಗೆ ಬಾಗಿಲು ಎನ್ನುತ್ತಿದ್ದ. ರೊಟ್ಟಿ ಮುರಿಯಲು ಬಲಗೈ ತಡವರಿಸುತ್ತಿತ್ತು. ಅವನ ಹೆಂಡತಿ, ನಮ್ಮ ಕಾಕು, ವಯಸ್ಸಾಯಿತೆಂದಳು. ಅಪ್ಪ ದೀಪ ತೋರಿಸಿದ. ತೋಳಿನ ಕಾಳಿಗೆ ತಲೆಯೊಳಗಿನ ಸಂಗತಿ ಹೇಗೆ ತಿಳಿದೀತು? ಸನ್ಮಾನವಿಲ್ಲದ ದಿನಗಳಲ್ಲಿ ಅವನ ಮಾತು ನೆಟ್ಟಗಿರುತ್ತಿತ್ತು. ಹಾರದ ಮೇಲೆ, ಅಲ್ಲಿಯ ಊಟದ ಮೇಲೆ ಸಂಶಯಪಟ್ಟೆ. ಕೊನೆಗೆ ಪಟಗಾದ ಮೇಲೆ. ಹಿರಿಯರ ತಲೆಗೆ ಸುತ್ತಿ ಸುತ್ತಿ ಬಿಗಿಯುವ ಬಟ್ಟೆ ಅದು. ಸಡಿಲ ಕಟ್ಟಿದರೆ ಮರ್ಯಾದೆ ಕಡಿಮೆಯಾಯಿತೆಂದು ನಮ್ಮವರು ಮುಖ ಊದಿಸುತ್ತಾರೆ.

ಕಾಕಾನ ಮಗಳು ದಾನೇಶ್ವರಿಯ ನಿಶ್ಚಿತಾರ್ಥದಲ್ಲಿ ಬೀಗರು ಅವನಿಗೆ ಗಟ್ಟಿಯಾಗಿಯೇ ಪಟಗಾ ಕಟ್ಟಿದರು. ಹರಸಲು ಎದ್ದವನು ಸ್ವಂತ ಮಗಳ ಹೆಸರು ಹುಡುಕುತ್ತ ನಿಂತ. ತುಟಿ ಒಂದು ಬದಿಗೆ ಜಾರಿತು. ಹಿರಿಯರ ಪಟಗಾಕ್ಕೆ ಕೈ ಹಾಕುವುದೆಂದರೆ ಮಾನ ಕಳೆದಂತೆ. ಓಡಿಹೋಗಿ ಬಿಚ್ಚಿದೆ. ಕಿವಿಯ ಮುಂದೆ ಬೆರಳಿಟ್ಟೆ, ಮಿಡಿತವಿರಲಿಲ್ಲ.

"ಮಂದಿ ಮುಂದ ತಮ್ಮನ ಮಾನಾ ತಗದಿ," ಎಂದ ಅಪ್ಪ.

"ಆ ಗ್ವಾಡಿ ದೀಪದ ಮಾತ ಬಿಡಪಾ. ಇಲ್ಲೆ ಬೆರಳ ಇಟ್ಟ ನೋಡು."

ಅಪ್ಪ ಬೆರಳಿಟ್ಟ. ತಮ್ಮನನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದ.

ಜೋಡಿಸಿದ ನಾಳ ವರ್ಷಗಳ ನಂತರವೂ ಮುಚ್ಚಿಕೊಳ್ಳಬಹುದು, ಚರ್ಮದಡಿಯೇ ಇರುವುದರಿಂದ ಬಿಗಿತ ತಡೆಯದು ಎಂದರು ವೈದ್ಯರು. ಕಾಕಾ ಉಳಿದಿದ್ದಾನೆ. ಮಾತು ಅರ್ಧ ಉಳಿದಿದೆ. ಮಗಳು ಎದುರು ಕೂತರೆ ಕೈ ಹಿಡಿಯುತ್ತಾನೆ. ಅವಳು ತನ್ನ ಹೆಸರು ಹೇಳಿಕೊಡುತ್ತಾಳೆ.

ಇಷ್ಟಾದರೂ ಬೀಗರು ಮದುವೆಗೆ ಪಟಗಾ ತರುತ್ತಾರೆಂದೇ ನನ್ನ ಗುಮಾನಿ. ಆದ್ದರಿಂದ ನಿಮ್ಮಲ್ಲಿ ಬೇಡಿಕೆ. ಈ ಬೈಪಾಸ್ ಆದವರನ್ನು ಸನ್ಮಾನಿಸುವಾಗ ಪಟಗಾ ತಲೆಗೆ ಕಟ್ಟದೆ ಹೆಗಲಿಗೆ ಹಾಕಿ. ಮೊದಮೊದಲು ಜನ ಗೊಣಗುತ್ತಾರೆ. ನೀವು ರೂಢಿ ಮಾಡಿಬಿಟ್ಟರೆ ನನ್ನ ಕಾಲಕ್ಕೆ ಅದೇ ಮರ್ಯಾದೆಯಾಗಿರುತ್ತದೆ. ಆಗ ಕಾಕಾ ಆ ನಿಶ್ಚಿತಾರ್ಥದಲ್ಲಿ ಎದ್ದು ನಿಂತು, ಮಗಳನ್ನು ಹೆಸರು ಹಿಡಿದು ಹರಸಿರುತ್ತಾನೆ.

ನಿಮ್ಮ ಮುಂದಿನವಳು,
ನೀಲಗಂಗಾ