ತರಬೇತುದಾರರ ಕಾಲಂನಲ್ಲಿ ನಿಮ್ಮ ಹೆಸರು

ಗುರಪ್ಪ ಕಾಕಾ,

ಕ್ಷೇಮ ಸಮಾಚಾರ ಕೇಳುವ ಪತ್ರ ಇದಲ್ಲ. ಸಿಟ್ಟು ಬಂದಿದೆ, ಹೇಳಿಕೊಳ್ಳಲು ನೀವೇ ಬೇಕು. ನೀವು ತೀರಿಕೊಂಡ ವಾರಕ್ಕೆ ಇಂಡಿ ಊರಿನ ನಮ್ಮ ಹೈಸ್ಕೂಲಿನಲ್ಲಿ ಶೋಕಸಭೆ ಮಾಡಿದರು. ನಾನು ಸಿಂದಗಿಯಿಂದ ಬಸ್ಸು ಹಿಡಿದು ಹೋಗಿದ್ದೆ. ಹೆಡ್‌ಮಾಸ್ತರರು ಎದ್ದು, "ಗುರಪ್ಪ ಭಾಳ ನಿಯತ್ತಿನ ಶಿಪಾಯಿ. ಒಂದ್ ದಿನಾನೂ ಗಂಟಿ ತಡಾ ಮಾಡ್ಲಿಲ್ಲ" ಎಂದರು, ಕೂತರು. ಅಷ್ಟೇ! ಫುಟ್‌ಬಾಲ್ ಎಂಬ ಶಬ್ದವೇ ಅವರ ಬಾಯಿಂದ ಬರಲಿಲ್ಲ. ನೀವು ಸೊಲ್ಲಾಪುರದ ಗಿರಣಿ ತಂಡಕ್ಕೆ ಆರು ವರ್ಷ ಆಡಿದವರು. ಅಲ್ಲಿ ಆಟ ಕಲಿಸಲು ಬಂದಿದ್ದ ಇಂಗ್ಲಿಷ್ ಆಟಗಾರನಿಂದ ಬೆನ್ನು ತಟ್ಟಿಸಿಕೊಂಡವರು. ಮೊಣಕಾಲು ಮುರಿದ ಮೇಲೆ ಊರಿಗೆ ಬಂದು ಶಾಲೆಯಲ್ಲಿ ಗಂಟೆ ಬಾರಿಸುವ ಶಿಪಾಯಿ ಕೆಲಸಕ್ಕೆ ಸೇರಿದವರು. ಇದು ಇಂಡಿಯಲ್ಲಿ ಯಾರಿಗೆ ಗೊತ್ತಿರಲಿಲ್ಲ?

ನಮಗೆ ಆಟ ಕಲಿಸಿದ್ದು ನೆನಪಿದೆಯೇ? ಶಾಲೆಗೆ ಮೈದಾನವಿರಲಿಲ್ಲ. ಜೋಳ ಕೊಯ್ದ ಮೇಲೆ ಹಿಂದಿನ ಎರೆಹೊಲವೇ ನಮ್ಮ ಮೈದಾನ. ನಮ್ಮದು ಬರಿಗಾಲು, ಕೆಳಗೆ ಚುಚ್ಚುವ ಕೂಳೆ. ಚೆಂಡು ಉರುಳಿದರೆ ಬ್ಲಾಡರ್ ತೂತು ಬೀಳುತ್ತಿತ್ತು. ನೀವು ಪಂಕ್ಚರ್ ಹಚ್ಚುತ್ತ ಬೈಯುತ್ತಿದ್ದಿರಿ, "ಚೆಂಡ ನೆಲಕ್ಕ ಬಿಡಬ್ಯಾಡ್ರೋ! ಗಾಳ್ಯಾಗ ಕೊಡ್ರಿ, ಗಾಳ್ಯಾಗ ತಗೋರಿ!" ಮುದ್ದೇಬಿಹಾಳಕ್ಕೆ ಫೈನಲ್ ಆಡಲು ಹೋದಾಗ ಆ ಸಪಾಟು ಮೈದಾನದಲ್ಲೂ ನಾವು ಕೂಳೆ ದಾಟುವವರಂತೆ ಕಾಲೆತ್ತಿ ಎತ್ತಿ ಓಡಿದೆವು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಆದರೆ ನಮ್ಮ ಚೆಂಡು ನೆಲಕ್ಕೆ ಇಳಿಯಲೇ ಇಲ್ಲ. ಅದನ್ನು ಎಲ್ಲಿ ತಡೆಯಬೇಕು ಅಂತ ಎದುರು ತಂಡದ ಹುಡುಗರಿಗೆ ತಿಳಿಯಲಿಲ್ಲ. ಮೂರು ಗೋಲು ಹೊಡೆದು ಶೀಲ್ಡು ತಂದೆವು.

ಆಮೇಲೆ ಫೋಟೋ ತೆಗೆಸಿದ ದಿನ... ನೆನೆದರೆ ಈಗಲೂ ಮೈ ಉರಿಯುತ್ತದೆ. ಆಫೀಸಿನಿಂದ ಕುರ್ಚಿಗಳನ್ನು ಹೊತ್ತು ತಂದವರು ನೀವು. ತಂದಿಟ್ಟು, ನಮ್ಮ ಹಿಂದೆ ನಿಲ್ಲಲು ಬಂದಿರಿ. "ಗುರಪ್ಪಾ, ನೀ ಆಕಡಿ ಸರಿ. ಗಂಟಿ ಹೊಡಿ ಹೋಗು" ಎಂದರು ಹೆಡ್‌ಮಾಸ್ತರರು. ಒಂದು ದಿನವೂ ಆ ಹೊಲಕ್ಕೆ ಕಾಲಿಡದ ಡ್ರಿಲ್ ಮಾಸ್ತರರು ತರಬೇತುದಾರರಾಗಿ ನಡುವಿನ ಕುರ್ಚಿಯಲ್ಲಿ ಕೂತರು. ಅವರ ಹತ್ತಿರ ಸರ್ಟಿಫಿಕೇಟ್ ಇತ್ತಲ್ಲ! ನೀವು "ಹೂಂರಿ" ಎಂದು ಹೋಗಿಯೇ ಬಿಟ್ಟಿರಿ. ಯಾಕೆ ಹೋದಿರಿ ಕಾಕಾ? ಒಂದು ಮಾತು ಆಡಬಾರದಿತ್ತೇ? ಆದರೆ ನಿಮ್ಮನ್ನು ಕೇಳುವ ಬಾಯಿ ನನಗೆಲ್ಲಿದೆ? ನಾನು ಕ್ಯಾಪ್ಟನ್. ಶೀಲ್ಡು ಎದೆಗವಚಿಕೊಂಡು ಕ್ಯಾಮೆರಾ ನೋಡುತ್ತ ಸುಮ್ಮನೆ ಕೂತಿದ್ದೆ. ಆ ನಾಚಿಕೆ ಇನ್ನೂ ಹೋಗಿಲ್ಲ.

ಮೈಸೂರು ರಾಜ್ಯ ಹೋಗಿ ಕರ್ನಾಟಕ ಬಂತು. ನಿಮ್ಮ ಹೆಸರಿಗೆ ಅಂಟಿದ ಶಿಪಾಯಿ ಮಾತ್ರ ಹೋಗಲಿಲ್ಲ. ಶೋಕಸಭೆ ಮುಗಿದ ಮೇಲೆ, ಆ ಫೋಟೋದ ಕೆಳಗೆ ನಿಮ್ಮ ಹೆಸರು ಬರೆಸಿರಿ ಎಂದು ಕೇಳಿಕೊಂಡೆ. "ಫೋಟೋದಾಗ ಇಲ್ಲದವನ ಹೆಸರು ಹೆಂಗ ಬರಸೂದೋ?" ಎಂದು ಹೆಡ್‌ಮಾಸ್ತರರು ನಕ್ಕರು. ನಿಮ್ಮನ್ನು ಸರಿಸಿದವರೇ ಅವರು!

ಈಗ ನಿಮಗೆ ಗೊತ್ತಿಲ್ಲದ ಸುದ್ದಿ. ನಾನು ಡ್ರಿಲ್ ಮಾಸ್ತರನಾಗಿರುವ ಸಿಂದಗಿಯ ಶಾಲೆಗೆ ಬಸವನ ಬಾಗೇವಾಡಿಯ ಪಂದ್ಯಗಳ ಫಾರ್ಮು ಬಂದಿತ್ತು. ತರಬೇತುದಾರರ ಕಾಲಂನಲ್ಲಿ ನಿಮ್ಮ ಹೆಸರು ಬರೆದೆ. ಬಾಗೇವಾಡಿಯಲ್ಲಿ ಫಾರ್ಮು ತೆಗೆದುಕೊಂಡ ಗುಮಾಸ್ತ, "ಇವರು ಬಂದಾರೇನ್ರಿ?" ಎಂದ. "ಬಂದಿಲ್ರಿ. ಕಲಿಸಿ ಹೋಗ್ಯಾರ" ಎಂದೆ. ಅವನು ಫಾರ್ಮಿಗೆ ಶಿಕ್ಕಾ ಹೊಡೆದ.

ನಿನ್ನೆ ಇಂಡಿ ಶಾಲೆಯ ಮೇಲೆಯೇ ನಮ್ಮ ಆಟ. ಹೆಡ್‌ಮಾಸ್ತರರು ಅತಿಥಿಗಳ ಸಾಲಿನಲ್ಲಿ ಕೂತಿದ್ದರು. ಮೈಕಿನಲ್ಲಿ ಕೂಗಿದರು: "ಸಿಂದಗಿ ತಂಡ! ತರಬೇತುದಾರರು, ಶ್ರೀ ಗುರಪ್ಪನವರು!" ಶ್ರೀ ಅಂದರು, ಕಾಕಾ. ಹೆಸರು ಕೂಗಿದಾಗ ತರಬೇತುದಾರರು ಎದ್ದು ಕೈ ಮುಗಿಯುವುದು ಅಲ್ಲಿನ ರೂಢಿ. ಜನ ಚಪ್ಪಾಳೆ ತಟ್ಟುತ್ತಲೇ ಇದ್ದರು, ಯಾರೂ ಏಳಲಿಲ್ಲ. ಹೆಡ್‌ಮಾಸ್ತರರು ಹಿಂದೆ ತಿರುಗಿ ತಿರುಗಿ ನೋಡಿದರು. ಆಟ ನಾವು ಒಂದು ಗೋಲಿನಿಂದ ಸೋತೆವು, ಅದನ್ನು ಮುಚ್ಚಿಡುವುದಿಲ್ಲ. ಮುಗಿದ ಮೇಲೆ ಅವರು ನನ್ನನ್ನು ಕರೆದು, ಎಲ್ಲರೆದುರೇ ಗದರಿದರು.

"ಸತ್ತವನ ಹೆಸರು ಬರದೀಯೇನೋ?"

"ಇದ್ದಾಗ ನೀವು ಬರೀಲಿಲ್ರಿ ಸರ್" ಎಂದೆ.

ಮುಂದಿನ ವರ್ಷವೂ ಬರೆಯುತ್ತೇನೆ.

ನಿಮ್ಮ ಕ್ಯಾಪ್ಟನ್