ದುಭಾಷಿಯ ತಿದ್ದುಪಡಿ

೧೪ನೇ ತಾರೀಖು, ಭಾನುವಾರ ಮಧ್ಯಾಹ್ನ

ನನ್ನ ಗುಬ್ಬಿಗೆ ಅಮ್ಮನ ಆಶೀರ್ವಾದ.

ನಿನ್ನಪ್ಪ ಕ್ಷೇಮ, ನಾನು ಪರವಾಗಿಲ್ಲ. ಕಾಗದ ಬರೆಯಲು ಇಷ್ಟು ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ನಾಲ್ಕು ಸಲ ಶುರುಮಾಡಿ ಹರಿದು ಹಾಕಿದೆ. "ಫೋನ್ ಇರೋವಾಗ ಕಾಗದ ಯಾಕೆ?" ಅಂತ ನಿನ್ನಪ್ಪ ಕೇಳಿದರು. ಅವರ ಫೋನನ್ನು ನೀನು ಎತ್ತುತ್ತೀಯ, ನನ್ನದನ್ನು ಎತ್ತುವುದಿಲ್ಲ. ಅದು ಗೊತ್ತಿದ್ದೂ ಕೇಳುತ್ತಾರೆ. ಮಗು ಹುಟ್ಟಿದ ದಿನ ನಾನು ಫೋನಿನಲ್ಲಿ ಏನೋ ಕೇಳಿದೆ, ಹೆತ್ತು ಸುಸ್ತಾಗಿದ್ದ ನಿನಗೆ ಅದು ಬೇರೆ ಥರ ಕೇಳಿಸಿತು. ಮೊಮ್ಮಗಳ ಹೆಸರನ್ನು ನಿನ್ನಪ್ಪ ಹೇಳಿದ್ದಾರೆ. ನೀನಾಗಿ ಹೇಳುವ ತನಕ ಆ ಹೆಸರು ಹಿಡಿದು ಕರೆಯಲು ನನಗೆ ಬಾಯಿ ಬರುತ್ತಿಲ್ಲ.

ಇಲ್ಲಿ ಮೂರು ವಾರದಿಂದ ಸಮಿತಿ ಕೂತಿದೆ. ಚಿಕ್ಕವಳಿದ್ದಾಗ ನೀನು "ಅಮ್ಮನ ಜಗಳದ ಆಫೀಸು" ಅನ್ನುತ್ತಿದ್ದೆಯಲ್ಲ, ಅದೇ. ಜನಾಂಗ ನೋಡಿ, ಮೈಬಣ್ಣ ನೋಡಿ ಯಾರನ್ನೂ ಕೀಳಾಗಿ ಕಾಣುವುದಿಲ್ಲ ಎಂದು ದೇಶಗಳೆಲ್ಲ ಸೇರಿ ಸಹಿ ಹಾಕಿದ ಒಪ್ಪಂದವಿದೆ. ಒಂದೊಂದು ದೇಶವೂ ಬಂದು, ಆ ಮಾತು ಎಷ್ಟು ಉಳಿಸಿಕೊಂಡಿದೆ ಎಂದು ಸಮಿತಿಯ ಮುಂದೆ ಒಪ್ಪಿಸಬೇಕು. ನಾನು ಸಭೆಯ ಹಿಂದಿನ ಗಾಜಿನ ಗೂಡಿನಲ್ಲಿ ಕೂತು, ಒಂದು ಭಾಷೆಯಲ್ಲಿ ಕೇಳಿದ್ದನ್ನು ಇನ್ನೊಂದರಲ್ಲಿ ಹೇಳಬೇಕು. ಅರ್ಧ ಗಂಟೆ ನಾನು, ಅರ್ಧ ಗಂಟೆ ಪಕ್ಕದಲ್ಲಿ ಕೂರುವ ಗಡಿಯಾರದಣ್ಣ. ಇಪ್ಪತ್ತೊಂಬತ್ತನೇ ನಿಮಿಷಕ್ಕೆ ಗಡಿಯಾರ ತಟ್ಟಲು ಶುರುಮಾಡುತ್ತಾನೆ, ಅದಕ್ಕೇ ಆ ಹೆಸರು. ನನ್ನ ಕಾಲುಗಳು ಊದಿಕೊಂಡಿವೆ, ಗಂಟಲು ಕಟ್ಟಿದೆ. ಮೊನ್ನೆ ವರದಿಯಲ್ಲಿ "ಕಳವಳ" ಅನ್ನಬೇಕೋ "ತೀವ್ರ ಕಳವಳ" ಅನ್ನಬೇಕೋ ಅಂತ ಎರಡು ದಿನ ಚರ್ಚೆ ನಡೆಯಿತು. ಕೊನೆಗೆ ಬರೀ "ಕಳವಳ" ಉಳಿಯಿತು, ತೀವ್ರವೆಲ್ಲ ನನ್ನ ಸೊಂಟಕ್ಕೆ ಬಂತು.

ನಮ್ಮ ಕೆಲಸದ ನಿಯಮ ನಿನಗೆ ಗೊತ್ತಲ್ಲ. ಯಾರು ಮಾತಾಡಿದರೂ ನಾವು "ನಾನು" ಅಂತಲೇ ಹೇಳಬೇಕು, "ಅವರು ಹೀಗೆನ್ನುತ್ತಿದ್ದಾರೆ" ಅನ್ನುವಂತಿಲ್ಲ. "ನಮ್ಮ ದೇಶದಲ್ಲಿ ಅಂಥ ಭೇದಭಾವ ಇಲ್ಲವೇ ಇಲ್ಲ" ಎಂದು ಇಪ್ಪತ್ತಾರು ವರ್ಷದಲ್ಲಿ ಎಷ್ಟು ದೇಶಗಳ ಪರವಾಗಿ ಆಣೆ ಮಾಡಿದ್ದೇನೋ, ಲೆಕ್ಕವಿಲ್ಲ. ತಪ್ಪು ಹೇಳಿದರೆ ಅದಕ್ಕೂ ಒಂದು ಪದ್ಧತಿ ಇದೆ. "ದುಭಾಷಿಯ ತಿದ್ದುಪಡಿ" ಅಂದು, ಸರಿಯಾದದ್ದನ್ನು ಹೇಳಿ ಮುಂದೆ ಹೋಗುವುದು. ನನಗೆ ಅದರ ಅಗತ್ಯ ಬಿದ್ದದ್ದು ತೀರಾ ಕಡಿಮೆ, ಆ ಜಂಬವೂ ಇತ್ತು ಅನ್ನು.

ಗುರುವಾರ ಸಾಕ್ಷಿ ಹೇಳಲು ಒಬ್ಬ ಹೆಂಗಸು ಬಂದಿದ್ದರು. ಹೆಚ್ಚುಕಡಿಮೆ ನನ್ನ ವಯಸ್ಸು, ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಇಪ್ಪತ್ತು ವರ್ಷದ ಕೆಲಸ. ನಮ್ಮ ಭಾಷೆಯವರು, ಹಾಗಾಗಿ ನನ್ನ ಪಾಲಿಗೆ ಬಂದರು. ಕಪ್ಪಗಿರುವವರನ್ನೆಲ್ಲ ನೆಲಮಾಳಿಗೆಯಲ್ಲೇ ಇಟ್ಟು, ಒಗೆದ ಬಟ್ಟೆಯನ್ನು ವಾರ್ಡಿಗೆ ಒಯ್ಯಲು ಬೆಳ್ಳಗಿರುವವರನ್ನಷ್ಟೇ ಕಳಿಸುತ್ತಾರಂತೆ. ಒಂದು ದಿನ ಜನ ಸಾಲದೆ ಇವರೇ ಮೇಲೆ ಹೋಗಿ ಹಾಸಿಗೆ ಹಾಸಿದಾಗ, ರೋಗಿಯೊಬ್ಬಳು ಮಲಗಲಾರೆ ಅಂತ ಎದ್ದು ನಿಂತಳಂತೆ. ಮಾರನೇ ದಿನ ಮೇಲ್ವಿಚಾರಕ, ಕೈಯ ಬಣ್ಣ ಕಾಣದಿರಲಿ ಅಂತ, ಇವರಿಗೊಂದು ಜೊತೆ ಕೈಗವಸು ಕೊಟ್ಟನಂತೆ.

"ನನ್ನ ಬೆರಳು ನೋಡಿ ಸ್ವಾಮಿ," ಅಂತ ಎರಡೂ ಕೈ ಎತ್ತಿದರು. "ಬ್ಲೀಚಿಂಗ್ ನೀರಲ್ಲಿ ಅದ್ದಿ ಅದ್ದಿ ಸುಟ್ಟು ಬಿಳಿಚಿಕೊಂಡಿವೆ. ಇಷ್ಟು ಮಾತ್ರ ಅವ್ರಿಗೆ ಒಪ್ಪಿಗೆ ಆಗೋ ಹಾಗಿದೆ."

ಆಮೇಲೆ ಆ ರೋಗಿ ಅಂದದ್ದನ್ನು ಹೇಳಿದರು: "ಈ ಕರಿಮುಸುಡಿ ಮುಟ್ಟಿದ ಹಾಸಿಗೆ ನಂಗೆ ಬೇಡ." ನಾನು ಅದನ್ನು "ಈ ಕಪ್ಪು ಮಹಿಳೆ ಮುಟ್ಟಿದ ಹಾಸಿಗೆ" ಅಂದುಬಿಟ್ಟೆ. ಅಂಥ ಮಾತು ನನ್ನ ಬಾಯಲ್ಲಿ ಬರಬಾರದು ಅನ್ನಿಸಿತು, ನಾನು ಮರ್ಯಾದಸ್ತೆಯಲ್ಲವೇ! ಆಕೆಗೆ ಸಭೆಯ ಭಾಷೆಯೂ ಅಷ್ಟಿಷ್ಟು ಬರುತ್ತದೆ, ಇಯರ್‌ಫೋನು ಕಿವಿಗೆ ಹಾಕಿಕೊಂಡು ನನ್ನ ಮಾತನ್ನೇ ಕೇಳುತ್ತಿದ್ದಾರೆ ಅಂತ ನನಗೇನು ಗೊತ್ತು. ಮಾತು ನಿಲ್ಲಿಸಿ, ತಿರುಗಿ ನನ್ನ ಗೂಡಿನ ಕಡೆ ನೋಡಿದರು.

"ಗಾಜಿನೊಳಗಿರೋ ಅಕ್ಕಾ, ನಾನು ಹಾಗೆ ಹೇಳ್ಲಿಲ್ಲ. ಅವಳು ಅಂದಿದ್ದು ಕರಿಮುಸುಡಿ ಅಂತ. ತೊಳೆಯೋದು ನನ್ನ ಕೆಲಸ, ನಿಮ್ದಲ್ಲ."

ನಿಯಮ ಅಂದಮೇಲೆ ಅದನ್ನೂ ನಾನೇ ಹೇಳಬೇಕಲ್ಲ. ಮೈಕಿನಲ್ಲಿ, ನನ್ನದೇ ದನಿಯಲ್ಲಿ, ಅಷ್ಟೂ ದೇಶದವರ ಕಿವಿಗೆ ಹೇಳಿದೆ: "ತೊಳೆಯುವುದು ನನ್ನ ಕೆಲಸ, ನಿಮ್ಮದಲ್ಲ." ಆಮೇಲೆ "ದುಭಾಷಿಯ ತಿದ್ದುಪಡಿ" ಅಂದು, ಆ ಬೈಗುಳವನ್ನು ಇದ್ದ ಹಾಗೇ ಹೇಳಿದೆ. ಗಡಿಯಾರದಣ್ಣ ಅರ್ಧ ಗಂಟೆ ಆಗುವ ಮೊದಲೇ ಸುಮ್ಮನೆ ಮೈಕನ್ನು ತನ್ನ ಕಡೆ ತಿರುಗಿಸಿಕೊಂಡ. ಹೊರಗೆ ಹೋಗಿ ನಲ್ಲಿಯ ಮುಂದೆ ನಿಂತೆ. ಮುಖ ತೊಳೆದುಕೊಳ್ಳಲು ಮನಸ್ಸು ಬರಲಿಲ್ಲ.

ಸಭೆ ಮುಗಿದ ಮೇಲೆ ಕ್ಷಮೆ ಕೇಳೋಣ ಅಂತ ಹುಡುಕಿಕೊಂಡು ಹೋದೆ. ಮೆಟ್ಟಿಲ ಹತ್ತಿರ ಚಪ್ಪಲಿ ಬಿಚ್ಚಿ ಕಾಲು ನೀವಿಕೊಳ್ಳುತ್ತ ಕೂತಿದ್ದರು. "ಹೋಗ್ಲಿ ಬಿಡಿ ಅಕ್ಕ," ಅಂದರು. "ಮೆತ್ತಗೆ ಮಾಡಿ ಹೇಳೋರು ಬೇಕಾದಷ್ಟು ಜನ ಇದ್ದಾರೆ. ನೀವು ಆಮೇಲಾದ್ರೂ ಸರಿಯಾಗಿ ಹೇಳಿದ್ರಲ್ಲ." ನಾನೂ ಪಕ್ಕದಲ್ಲಿ ಕೂತು ಚಪ್ಪಲಿ ಬಿಚ್ಚಿದೆ.

ಇಲ್ಲಿನ ಸುದ್ದಿ ಇಷ್ಟೇ. ನಿನ್ನಪ್ಪನ ಮಂಡಿನೋವು ಇಳಿದಿದೆ, ಬೈಗುಳ ಇಳಿದಿಲ್ಲ. ಅಳಿಯಂದಿರು ನಮ್ಮ ಭಾಷೆ ಕಲಿಯುತ್ತಿದ್ದಾರೆ, ನಮ್ಮದೇ ಮಾತು ಹೇಳುತ್ತ ಮಗುವನ್ನು ತೂಗುತ್ತಾರೆ ಅಂತ ನಿನ್ನಪ್ಪ ಹೇಳಿ ನಕ್ಕರು. ಹೊತ್ತಿಗೆ ಸರಿಯಾಗಿ ಊಟ ಮಾಡು, ಬಾಣಂತಿಯ ಬೆನ್ನು ತಣ್ಣಗಾಗದಂತೆ ನೋಡಿಕೋ. ಮಗುವಿನ ನೆತ್ತಿ ಮುಟ್ಟಿ ನನ್ನ ಆಶೀರ್ವಾದ ಹೇಳು. ನೀವು ಮೂವರೂ ಸುಖವಾಗಿರಿ.

ಇಂತಿ ನಿನ್ನ
ಅಮ್ಮ

ವಿ.ಸೂ.: ದುಭಾಷಿಯ ತಿದ್ದುಪಡಿ. ಮೇಲೆ "ಏನೋ ಕೇಳಿದೆ" ಅಂತ ಬರೆದಿದ್ದೇನಲ್ಲ, ಅದು ತೊಳೆದ ಮಾತು. ನಾನು ಕೇಳಿದ್ದು "ಮಗು ಯಾರ ಬಣ್ಣ?" ಅಂತ. "ಅವಳಪ್ಪನ ಥರಾನೇ ಅಮ್ಮ, ಅಪ್ಪಟ ಕಪ್ಪು" ಅಂತ ನೀನು ಖುಷಿಯಾಗಿ ಹೇಳಿದೆ. "ಅಯ್ಯೋ, ಹೋಗ್ಲಿ ಬಿಡು, ಬೆಳೀತಾ ಬೆಳೀತಾ ಬಣ್ಣ ತಿಳಿಯಾಗುತ್ತೆ" ಅಂದೆ ನಾನು. ನಿನ್ನ ಫೋನು ಸ್ಪೀಕರಿನಲ್ಲಿತ್ತು, ಅಳಿಯಂದಿರ ಕಿವಿಗೂ ಬಿತ್ತು. ನನ್ನಮ್ಮನೂ ನನಗೆ ಹಾಗೇ ಹೇಳುತ್ತ, ಮುಖಕ್ಕೆ ಹಿಟ್ಟು ಹಚ್ಚಿ ಚರ್ಮ ಉರಿಯುವ ಹಾಗೆ ಉಜ್ಜುತ್ತಿದ್ದಳು. ಆ ಉರಿ ಗೊತ್ತಿದ್ದವಳೇ ಹಾಗಂದೆ, ಅದಕ್ಕೆ ನೆಪ ಹೇಳುವುದಿಲ್ಲ.

ಅದಾದ ಮೇಲೂ ಒಂದು ವಾರ ನೀನು ನನ್ನ ಫೋನು ಎತ್ತುತ್ತಿದ್ದೆ. ಆಮೇಲೆ ಒಂದು ದಿನ ಅಳಿಯಂದಿರು ನನಗೆ ಫೋನು ಮಾಡಿ, ತಮ್ಮ ಭಾಷೆಯಲ್ಲೇ, "ಅತ್ತೆ, 'ತಿಳಿಯಾಗುತ್ತೆ' ಅಂದ್ರೇನು? ಇವಳನ್ನ ಕೇಳಿದ್ರೆ ಅಳ್ತಾಳೆ, ಹೇಳೋದಿಲ್ಲ" ಅಂದರು. ಇಪ್ಪತ್ತಾರು ವರ್ಷದ ದುಭಾಷಿ ನಾನು, "ಚೆನ್ನಾಗಿ ಬಾಳಲಿ ಅಂತ ಹರಸೋ ಮಾತು" ಅಂದೆ. "ಎಷ್ಟು ಒಳ್ಳೇ ಮಾತು, ನಾನೂ ದಿನಾ ಹೇಳ್ತೀನಿ" ಅಂದರು. ಅವರು ತೂಗುತ್ತ ಹೇಳುವುದು ಅದನ್ನೇ, ಅಂದಿನಿಂದಲೇ ನೀನು ನನ್ನ ಫೋನು ಎತ್ತಿಲ್ಲ. ನಿನ್ನಪ್ಪ ನಕ್ಕಾಗ ನಾನೂ ನಕ್ಕೆ.

ನೀನು ಅವರಿಗೆ ನಿಜ ಹೇಳದೆ, ದಿನಾ ಅದನ್ನು ಕೇಳಿಸಿಕೊಂಡು ಸುಮ್ಮನಿದ್ದೀಯ. ಅವರ ಮನಸ್ಸು ಮುರಿಯಬಾರದು ಅಂತ ಇರಬೇಕು. ಅರ್ಥ ನೀನು ಹೇಳಬೇಡ, ಆ ಕೆಲಸ ನನ್ನದು. ಮುಂದಿನ ಭಾನುವಾರ ಫೋನು ಮಾಡುತ್ತೇನೆ, ನನ್ನ ಹತ್ತಿರ ಮಾತಾಡದಿದ್ದರೂ ಸರಿ, ಅವರ ಕೈಗೆ ಕೊಡು. ಇದ್ದದ್ದು ಇದ್ದ ಹಾಗೇ ಹೇಳುತ್ತೇನೆ. ಇನ್ನು ತಡಮಾಡಲಾರೆ ಗುಬ್ಬಿ. ಅವರು "ತಿಳಿಯಾಗುತ್ತೆ" ಅಂದರೆ ಸಾಕು, ಮಗು ಈಗ ಬಾಯಿ ಅಗಲಿಸಿ ನಗುತ್ತದಂತೆ.